ಎಣ್ಣೆ ಕಾಣದ ರಾಟೆ

ಕಿರುಬೆರಳುದ್ದದ ಉಕ್ಕಿನ ಕಡಾಣಿ ಹಲಗೆಯ ಮೇಲೆ ಎರಡು ಸಲ ಪುಟಿದು, ಇನ್ನೇನು ನಿಂತಿತು ಎನ್ನುವಾಗ ಸಂದಿಯಲ್ಲಿ ನುಸುಳಿ ‘ಗುಳುಂ’ ಎಂದಿತು. ಪೋರ್ಟ್ಸ್‌ಮತ್ ಬಂದರಿನ ನೀರು ಅದನ್ನು ನುಂಗಿ ಏನೂ ಅರಿಯದ ಹಾಗೆ ಮುಖ ಮುಚ್ಚಿಕೊಂಡಿತು. “ಅಯ್ಯೋ, ಪಾತಾಳಗರಡಿ!” ಎಂದು ಕೂಗಿದೆ. ಪಕ್ಕದ ದೋಣಿಯ ಮುದುಕರು ತಲೆಯೆತ್ತಿ ನೋಡಿದರು. ಇಂಗ್ಲಿಷರ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ನೀರಿಗೆ ಏನಾದರೂ ಬಿದ್ದರೆ ನನ್ನ ಬಾಯಿ ಕುಂದಾಪುರದ ಕಡೆಗೇ ಓಡುತ್ತದೆ.

ನನ್ನದು ಮೂರು ಕೈ ದಾಟಿ ಬಂದ ಪುಟ್ಟ ಹಾಯಿದೋಣಿ. ಅದರ ಕೂವೆಮರದ ನೆತ್ತಿಯಲ್ಲಿ ಒಂದು ಸಣ್ಣ ರಾಟೆ. ಹಾಯಿ ಏರಿಸುವ ಹಗ್ಗ ಅದರ ಮೇಲೆ ಹಾದು ಕೆಳಗಿಳಿಯುತ್ತದೆ. ಕಳೆದ ಬೇಸಗೆಯಿಂದಲೂ ಅದು ಕಿರುಗುಡುತ್ತಿತ್ತು. ಈ ಸಲ ಮುಷ್ಕರ ಹೂಡಿತು. ಅರ್ಧಕ್ಕೆ ಏರಿದ ಹಾಯಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ವಸ್ತು. ಅದರ ದರ್ಶನಕ್ಕೆ ಇಡೀ ಕೂವೆಮರವೇ ಸಾಷ್ಟಾಂಗ ಮಲಗಬೇಕಾಯಿತು. ಬಿಚ್ಚಿ ನೋಡಿದರೆ ಗಾಲಿ ಒಂದೇ ಮಗ್ಗುಲಿಗೆ ಸವೆದಿತ್ತು. ಅದರ ಕಡಾಣಿಯೇ ಈಗ ಪಾತಾಳ ಸೇರಿದ್ದು.

ಅಜ್ಜಿಮನೆಯ ಬಾವಿಯ ರಾಟೆ ಕಬ್ಬಿಣದ್ದು. ಅದರ ಕಿರುಚಾಟ ಗದ್ದೆಯ ಆಚೆ ದಡಕ್ಕೂ ಕೇಳುತ್ತಿತ್ತು. ಮಾವ ಎಣ್ಣೆಯ ಕುಡಿಕೆ ಹಿಡಿದು ಬಾವಿಕಟ್ಟೆ ಹತ್ತಿದರೆ ಸಾಕು, ಅಜ್ಜಿ ಒಳಗಿಂದಲೇ ಗದರುತ್ತಿದ್ದಳು. ಜಿಪುಣತನ ಎಂದುಕೊಂಡಿದ್ದೆವು. ಅದಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತವಳಿಗೆ ಆ ಸದ್ದೇ ಹಿತ್ತಿಲಿನ ಕಿಟಕಿಯಾಗಿತ್ತು. ಒಂದೇ ಉಸಿರಿಗೆ ಉದ್ದಕ್ಕೆ ‘ಕಿರ್ರ್’ ಎಂದರೆ ದೊಡ್ಡಮ್ಮ. ಎಳೆದು ನಿಂತು, ಎಳೆದು ನಿಂತು ಬಂದರೆ ಬಸುರಿ ಚಿಕ್ಕಮ್ಮ. ಆಗ ಅಜ್ಜಿ ತುರಿಯುವುದನ್ನು ಬಿಟ್ಟು ಎದ್ದು ಹೋಗಿ ಹಗ್ಗಕ್ಕೆ ಕೈಕೊಡುತ್ತಿದ್ದಳು. ಗಡಗಡನೆ ಉರುಳಿ ಕೊನೆಗೊಂದು ‘ಧುಡುಂ’ ಕೇಳಿದರೆ ನಾನು. “ಹಗ್ಗ ಬಿಟ್ಯಾ ಮಗಾ? ಪಾತಾಳಗರಡಿ ತಕಂಡ್ ಬಾ.” ನಾಲ್ಕೂ ಕಡೆ ಕೊಕ್ಕೆಗಳ ಆ ಕಬ್ಬಿಣದ ಗೊಂಚಲನ್ನು ಇಳಿಬಿಟ್ಟು ತಡಕಾಡಿದರೆ ನನ್ನ ಕೊಡಪಾನದ ಜತೆಗೆ ಹೋದ ವರ್ಷದ ಚೊಂಬೂ ಮೇಲೆ ಬರುತ್ತಿತ್ತು.

ಹಾಗೆ ನೋಡಿದರೆ ಪೋರ್ಟ್ಸ್‌ಮತ್ ಕೂಡ ಪಾತಾಳಗರಡಿ ಬಲ್ಲ ಊರು. 1545ರಲ್ಲಿ ಇಲ್ಲೇ ಎದುರಿಗೆ ಮುಳುಗಿದ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಹಡಗನ್ನು 1982ರಲ್ಲಿ ಎತ್ತಿ ತಂದು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನೋಡಲು ಬಂದವರು ಫಿರಂಗಿಗಳ ಮುಂದೆ ಗುಂಪುಗೂಡುತ್ತಾರೆ. ನಾನು ಅದೇ ಹಡಗಿನ ಮರದ ರಾಟೆಗಳನ್ನು ಹುಡುಕಿಕೊಂಡು ಹೋಗುತ್ತೇನೆ.

ನನ್ನ ನಿಜವಾದ ತೀರ್ಥಕ್ಷೇತ್ರ ಬೇರೆಯೇ ಇದೆ. ಈ ಊರಿನ ನೌಕಾನೆಲೆಯೊಳಗೆ ಒಂದು ಹಳೆಯ ಇಟ್ಟಿಗೆ ಕಟ್ಟಡ: ರಾಟೆಗಳ ಕಾರ್ಖಾನೆ. ನೆಪೋಲಿಯನ್ನನ ಕಾಲದ ದೊಡ್ಡ ಯುದ್ಧನೌಕೆಯೊಂದಕ್ಕೆ ಸುಮಾರು ಸಾವಿರ ರಾಟೆ ಬೇಕಿತ್ತು. ನೌಕಾಪಡೆಗೆ ವರ್ಷಕ್ಕೆ ಲಕ್ಷ. ಒಂದಿಷ್ಟು ಗರಗಸದ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಕುಶಲಿಗರ ಕೈಯಲ್ಲೇ ಆಗಬೇಕು. ಆಗ ಬಂದವನು ಮಾರ್ಕ್ ಬ್ರುನೆಲ್. ಫ್ರಾನ್ಸಿನ ಕ್ರಾಂತಿಗೆ ಹೆದರಿ ಅಮೆರಿಕಕ್ಕೆ ಓಡಿ, 1799ರಲ್ಲಿ ಇಂಗ್ಲೆಂಡಿಗೆ ಬಂದು, ಹಿಂದೆ ರುವಾನಿನಲ್ಲಿ ಮನಸೋತಿದ್ದ ಸೋಫಿಯಾಳನ್ನು ಮದುವೆಯಾದ ಮನುಷ್ಯ. ರಾಟೆ ಮಾಡುವ ಯಂತ್ರಗಳ ನಕ್ಷೆ ಹಿಡಿದು, ನೌಕಾಪಡೆಗೆ ರಾಟೆ ಒದಗಿಸುತ್ತಿದ್ದ ಗುತ್ತಿಗೆದಾರರ ಬಾಗಿಲು ತಟ್ಟಿದ. ನಮ್ಮದಕ್ಕಿಂತ ಒಳ್ಳೆಯದು ಸಾಧ್ಯವೇ ಇಲ್ಲ ಎಂಬ ಧಾಟಿಯಲ್ಲಿ ಅವರು ಕಳಿಸಿಕೊಟ್ಟರು. ನೌಕಾಪಡೆಯ ಕಾಮಗಾರಿಗಳ ಮೇಲ್ವಿಚಾರಕ ಸ್ಯಾಮ್ಯುಯೆಲ್ ಬೆಂಥಮ್ ಮಾತ್ರ ಕಿವಿಗೊಟ್ಟ. ಹೆನ್ರಿ ಮಾಡ್ಸ್‌ಲಿ ಯಂತ್ರಗಳನ್ನು ಕಬ್ಬಿಣದಲ್ಲಿ ಮೂಡಿಸಿದ. ಒಂದು ಕೊರೆದರೆ ಇನ್ನೊಂದು ತೋಡಿತು. ಒಂದು ದುಂಡಗೆ ಮಾಡಿದರೆ ಮತ್ತೊಂದು ಅಂಚು ತೀಡಿತು. 110 ಕುಶಲಿಗರ ಕೆಲಸವನ್ನು ಕಸುಬು ಅರಿಯದ ಹತ್ತು ಮಂದಿ ಮುಗಿಸಿದರು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ, ಎಲ್ಲವೂ ಒಂದೇ ಅಚ್ಚು. ಉಳಿದ ನೂರು ಜನರ ಉಳಿಗಳು ಯಾವ ಅಟ್ಟ ಸೇರಿದವೋ.

1805ರ ಸೆಪ್ಟೆಂಬರ್ 14ರಂದು ನೆಲ್ಸನ್ ಟ್ರಫಾಲ್ಗರ್ ಯುದ್ಧಕ್ಕೆಂದು ಇದೇ ಊರಿನಿಂದ ಹಡಗು ಹತ್ತಿದ. ಹತ್ತುವ ಮುಂಚೆ ಬೆಳಿಗ್ಗೆ ಈ ಕಾರ್ಖಾನೆಯನ್ನು ನೋಡಿ ಹೋದ. ಅವನು ಗೆದ್ದದ್ದು ಯುದ್ಧತಂತ್ರದಿಂದ ಎನ್ನುತ್ತಾರೆ ತಿಳಿದವರು. ರಾಟೆಯ ಮುಖ ನೋಡಿ ಹೊರಟದ್ದರಿಂದ ಎನ್ನುತ್ತೇನೆ ನಾನು. ಮುಂದಿನ ಏಪ್ರಿಲಿನಲ್ಲಿ ಬ್ರುನೆಲ್ ದಂಪತಿಗೆ ಇಲ್ಲೇ ಗಂಡುಮಗು ಹುಟ್ಟಿತು. ಬೆಳೆದು ರೈಲುದಾರಿ, ಸೇತುವೆ, ದೈತ್ಯ ಹಡಗುಗಳನ್ನು ಕಟ್ಟಿದ ಇಸಂಬಾರ್ಡ್. ಜನ ಮಗನ ಹೆಸರು ಹೇಳುತ್ತಾರೆ. ಅಪ್ಪ 1821ರಲ್ಲಿ ಸಾಲ ತೀರಿಸಲಾರದೆ ಸೆರೆಮನೆ ಸೇರಿದಾಗ ಸೋಫಿಯಾಳೂ ಜತೆಗೆ ಹೋಗಿ ಕೂತಳು. ರಾಟೆಯ ಹಾಗೆಯೇ ಅವನೂ: ಬೇರೆಯವರನ್ನು ಮೇಲೇರಿಸಿ ತಾನು ಇದ್ದಲ್ಲೇ ಸುತ್ತಿದ.

ಆ ರಾಟೆಗಳ ಹೊರಕವಚ ಎಲ್ಮ್ ಮರದ್ದು. ಒಳಗಿನ ಗಾಲಿ ಲಿಗ್ನಮ್ ವೈಟೆ ಎಂಬ ವೆಸ್ಟ್ ಇಂಡೀಸಿನ ಮರದ್ದು. ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುವಷ್ಟು ಭಾರ. ಅದರ ಮೈಯೊಳಗೇ ಜಿಡ್ಡು ಇರುತ್ತದೆ. ತಿರುಗಿದಷ್ಟೂ ತನಗೆ ತಾನೇ ಎಣ್ಣೆ ಬಿಟ್ಟುಕೊಳ್ಳುತ್ತದೆ. ಇದನ್ನು ಓದಿದಾಗ ಬೇರೆಯವರಿಗೆ ಬೆರಗಾಗಬಹುದು. ನನಗೆ ಅಜ್ಜಿಯದೇ ಚಿಂತೆ. ಅಂಥ ಮರವನ್ನು ಅವಳು ಬಾವಿಕಟ್ಟೆಯ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಲಕ್ಷಗಟ್ಟಲೆ ರಾಟೆ ಒಂದೇ ಹಾಗೆ, ಸದ್ದಿಲ್ಲದೆ ತಿರುಗಿದರೆ ಚಿಕ್ಕಮ್ಮನ ದಣಿವು ಅವಳಿಗೆ ತಿಳಿಯುವುದು ಹೇಗೆ?

ಹೊಸ ರಾಟೆ ತಂದೆ. ಪ್ಲಾಸ್ಟಿಕ್ ಗಾಲಿ, ಒಳಗೆ ಸಾಸಿವೆಗಿಂತ ತುಸು ದಪ್ಪನೆಯ ಗುಂಡುಗಳು. “ಇದು ಸದ್ದೇ ಮಾಡುವುದಿಲ್ಲ,” ಎಂದು ಅಂಗಡಿಯವನು ಮಗಳ ಗುಣ ಹೇಳುವ ಅಪ್ಪನಂತೆ ಹೇಳಿದ. ಕೂರಿಸುವಾಗ ಕಡಾಣಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಒಮ್ಮೆ ಕಲಿತ ಪಾಠ. ಕೂವೆಮರ ಎದ್ದು ನಿಂತಿತು. ಹಗ್ಗ ಎಳೆದೆ. ಹಾಯಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಏರಿತು. ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದ ಪಕ್ಕದ ಮುದುಕರಿಗೆ ಗೊತ್ತಾಗಲೇ ಇಲ್ಲ. ಮೊದಲಾದರೆ ಆ ಕಿರುಚಿಗೆ ತಿರುಗದೆಯೇ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದರು.

ಹಳೆಯ ರಾಟೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅರ ಹಾಕಿ ಉಜ್ಜಿದೆ, ಮುಳುಗಿದ ಕಡಾಣಿಯ ಬದಲಿಗೆ ಸೈಕಲ್ಲಿನ ಬೋಲ್ಟ್ ತೂರಿಸಿದೆ, ಹಿತ್ತಿಲಿನ ಬಟ್ಟೆ ಹಗ್ಗಕ್ಕೆ ಕಟ್ಟಿದೆ. ಅಂಗಿ ಒಣಗಿತೇ ಎಂದು ನೋಡಲು ಹಗ್ಗ ಎಳೆದೆ. ‘ಕಿರ್ರ್’. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಮಾರಾಯ್ರೆ, ಈಗಷ್ಟೇ ಹಾಕಿದ್ದು, ಮುಟ್ಬೇಡಿ!”