ಅಜ್ಜಿಯ ಮಂಜು, ಮಗಳ ಹಿಮ

ಹೋದ ವರ್ಷ ಮಗಳಿಗೆ ಹಿಮ ತೋರಿಸುತ್ತೇನೆಂದು ಟಿಕೆಟ್ ಕೂಡ ತೆಗೆಸಿ, ಕೊನೆಯ ವಾರದಲ್ಲಿ ಆಫೀಸಿನ ರಿಲೀಸ್ ಎಂದು ರದ್ದು ಮಾಡಿದ್ದೆ. ಎಂಟು ವರ್ಷದ ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. "ಪರವಾಗಿಲ್ಲ ಅಪ್ಪ, ನಿನಗೆ ಯಾವಾಗಲೂ ಕೆಲಸ ಇರುತ್ತೆ" ಎಂದಳು. ಅತ್ತಿದ್ದರೆ ಒಂದು ಐಸ್‌ಕ್ರೀಮ್‌ನಲ್ಲಿ ಮುಗಿಯುತ್ತಿತ್ತು. ಆ ಮಾತು ಮಾತ್ರ ವರ್ಷವಿಡೀ ತಲೆಯಲ್ಲಿ ಕೂತಿತ್ತು.

ಈ ಸಲ ಎಲ್ಲರೂ ಹೋಗುವ ಕ್ರಿಸ್‌ಮಸ್ ವಾರ ಬಿಟ್ಟು, ಗಣರಾಜ್ಯೋತ್ಸವದ ಸುತ್ತ ಐದು ದಿನ ಹೊಂದಿಸಿದೆವು. ಹಿಮಾಚಲಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು. ಡಿಸೆಂಬರ್‌ನಲ್ಲಿ ಮನಾಲಿ ಊರೊಳಗೆ ಹಿಮ ಬಿದ್ದರೆ ಅದೃಷ್ಟ. ಜನವರಿ, ಫೆಬ್ರವರಿಯಲ್ಲಿ ಸಾಧ್ಯತೆ ಹೆಚ್ಚು.

ಮನಾಲಿಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ನಾಲ್ಕು ವರ್ಷದ ಮಗ. ಪುಣೆಯ ಚಳಿ ಶುರುವಾದರೆ ಅವನಿಗೆ ಉಬ್ಬಸ. ಮಕ್ಕಳ ಡಾಕ್ಟರು ಬೇಡ ಎನ್ನಲಿಲ್ಲ. "ರಾತ್ರಿ ತಗ್ಗಿನಲ್ಲೇ ಮಲಗಿ, ಮೇಲೆ ಹೆಚ್ಚು ಹೊತ್ತು ಇರಬೇಡಿ, ಇನ್ಹೇಲರ್ ಮತ್ತು ಸ್ಪೇಸರ್ ಲಗೇಜಿನಲ್ಲಲ್ಲ, ಕೈಚೀಲದಲ್ಲಿರಲಿ" ಎಂದರು. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗ ದಾಟಿದರೆ ಲಾಹೌಲ್ ಕಣಿವೆಯ ಸಿಸ್ಸು. ಅದು 3,100 ಮೀಟರ್‌ನ ಆಸುಪಾಸು. ಮನಾಲಿಯಿಂದ ಸುಮಾರು 40 ಕಿಲೋಮೀಟರ್. ಹಿಮ ನೋಡಿ ಸಂಜೆಗೆ ಕೆಳಗೆ ಬಂದು ಮಲಗಬಹುದು.

ಚಳಿಗಾಲ ಕಳೆಯಲು ಸಕಲೇಶಪುರದಿಂದ ಬಂದಿದ್ದ ಅಮ್ಮನಿಗೆ ಇದೆಲ್ಲ ವಿಚಿತ್ರ. "ಮಂಜು ನೋಡೋಕೆ ಇಷ್ಟೊಂದು ದುಡ್ಡು ಸುರಿದು ಅಷ್ಟು ದೂರ ಹೋಗ್ಬೇಕಾ? ಬೆಳಗ್ಗೆ ಎದ್ದು ನಮ್ಮನೆ ಅಂಗಳಕ್ಕೆ ಬಂದ್ರೆ ಸಾಕು" ಎಂದರು. ಮಗಳು ತಿದ್ದಿದಳು: "ಅಜ್ಜಿ, ಅದು ಫಾಗ್. ನಾವು ಹೋಗ್ತಿರೋದು ಸ್ನೋ ನೋಡೋಕೆ." ಎರಡಕ್ಕೂ ಮಂಜು ಅಂತಲೇ ಅಂದುಕೊಂಡು ಬೆಳೆದವನು ನಾನು. ಸ್ನೋಗೆ ಹಿಮ ಎಂದು ಹೇಳಿಕೊಟ್ಟೆ. ಅಮ್ಮ ಒಪ್ಪಲಿಲ್ಲ, ಆದರೆ ಸ್ವೆಟರ್ ತುಂಬಿಕೊಂಡು ಹೊರಟರು.

ಪುಣೆಯಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಸುಮಾರು 300 ಕಿಲೋಮೀಟರ್ ಕಾರು. ಕೀರತ್‌ಪುರದ ಮುಂದೆ ಸುರಂಗಗಳಿರುವ ನಾಲ್ಕು ಪಥದ ರಸ್ತೆ ಬಂದಮೇಲೆ ದಾರಿ ಬಹಳ ಹಗುರಾಗಿದೆ. ಆದರೂ ಮಂಡಿ ದಾಟಿದ ಮೇಲಿನ ತಿರುವುಗಳಲ್ಲಿ ಮಗ ಎರಡು ಸಲ ವಾಂತಿ ಮಾಡಿದ. ಹಿಂದಿನ ರಾತ್ರಿ ಮಂಡಿಯಲ್ಲೇ ಉಳಿಯಬೇಕೆಂದು ಹೆಂಡತಿ ಹೇಳಿದ್ದಳು. ಒಂದು ದಿನ ಉಳಿಸುವ ಆಸೆಗೆ ನಾನು ಕೇಳಿರಲಿಲ್ಲ.

ಮರುದಿನ ಸಡಗರದಿಂದ ಹೊರಟೆವು. ದಾರಿಬದಿಯ ಅಂಗಡಿಯಲ್ಲಿ ಬೂಟು, ದಪ್ಪ ಕೋಟು ಬಾಡಿಗೆಗೆ ಪಡೆದೆವು. ಸೋಲಂಗ್ ಮುಟ್ಟುವ ಮೊದಲೇ ಪೊಲೀಸರು ತಡೆದರು. ರಾತ್ರಿ ಮೇಲೆ ಹಿಮ ಬಿದ್ದಿತ್ತು. ಫೋರ್ ಬೈ ಫೋರ್ ಅಥವಾ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳಿಗೆ ಮಾತ್ರ ಬಿಡುತ್ತಿದ್ದರು. ನಮ್ಮದು ಸಾಧಾರಣ ಕಾರು. ವಾಪಸ್ ತಿರುಗಿದಾಗ ಹಿಂದಿನ ಸೀಟಿನಿಂದ ಅದೇ ದನಿ: "ಪರವಾಗಿಲ್ಲ ಅಪ್ಪ." ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು.

ಸಂಜೆ ಸ್ಥಳೀಯ ಫೋರ್ ಬೈ ಫೋರ್ ಗೊತ್ತು ಮಾಡಿ, ಮರುದಿನ ಎಂಟಕ್ಕೆಲ್ಲ ಹೊರಟೆವು. ಸುರಂಗ 9.02 ಕಿಲೋಮೀಟರ್ ಉದ್ದ. ಇದಿಲ್ಲದಾಗ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಹಿಮದಲ್ಲಿ ಮುಚ್ಚಿದರೆ ಲಾಹೌಲಿನ ಜನಕ್ಕೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. "ನಮಗೆ ಇದು ಪ್ರವಾಸಕ್ಕಲ್ಲ ಸಾಹೇಬ್, ಆಸ್ಪತ್ರೆಗೆ" ಎಂದ ಡ್ರೈವರ್. ಒಳಹೊಕ್ಕಾಗ ಬೂದು ಬಣ್ಣದ ಬೆಟ್ಟ. ಹೊರಬಂದಾಗ ಒಮ್ಮೆಲೇ ಎಲ್ಲವೂ ಬಿಳಿ. ಚಂದ್ರಾ ನದಿ ಮಾತ್ರ ನಡುವೆ ಕಪ್ಪು ಗೆರೆಯಂತೆ. ಕಾರಿನೊಳಗೆ ಯಾರೂ ಮಾತಾಡಲಿಲ್ಲ, ಅಮ್ಮನೂ.

ಸಿಸ್ಸುವಿನಲ್ಲಿ ಮಗಳು ಮೊಣಕಾಲವರೆಗೆ ಹೂತು ಬಿದ್ದಳು, ಎದ್ದಳು, ಮತ್ತೆ ಬೇಕೆಂದೇ ಬಿದ್ದಳು. ಮಗ ಒಂದು ಹಿಡಿ ಹಿಮ ಮುಟ್ಟಿ, ಉಣ್ಣೆಯ ಗ್ಲೌಸ್ ಒದ್ದೆಯಾಗಿ, "ಕೈ ಉರೀತಿದೆ" ಎಂದು ಅತ್ತ. ಅಳು ನಿಂತಮೇಲೆ ಕೆಮ್ಮು ನಿಲ್ಲಲಿಲ್ಲ. ಹೆಂಡತಿ ಅವನನ್ನು ಗಾಡಿಯೊಳಗೆ ಕೂರಿಸಿ ಇನ್ಹೇಲರ್ ಕೊಟ್ಟಳು. ಬಂದು ಅರ್ಧ ಗಂಟೆಯೂ ಆಗಿರಲಿಲ್ಲ.

ಹೋಗೋಣ ಎಂದೆ. ಮಗಳು ತಿರುಗಿ ನಿಂತಳು. "ನಾನು ಬರಲ್ಲ! ಒಂದು ವರ್ಷ ಕಾದಿದೀನಿ!" ಎಂದು ಕಿರುಚಿದಳು. ಕಾಲು ನೆಲಕ್ಕೆ ಬಡಿದಳು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಆವತ್ತು ನನಗೆ ಸಮಾಧಾನವಾಯಿತು. ಅವಳು ನನ್ನ ಹತ್ತಿರ ಕೇಳುವುದನ್ನೇ ಬಿಟ್ಟಿದ್ದಾಳೆ ಅಂದುಕೊಂಡಿದ್ದೆ, ಬಿಟ್ಟಿರಲಿಲ್ಲ. ಗಾಡಿಯತ್ತ ನೋಡಿದೆ. ಮಗನ ಉಸಿರು ಹದಕ್ಕೆ ಬಂದಿತ್ತು. ಹೆಂಡತಿ ಬೆರಳು ತೋರಿಸಿದಳು: ಹತ್ತು ನಿಮಿಷ. ಅಷ್ಟರಲ್ಲಿ ಅವಳೂ ನಾನೂ ಸೇರಿ ಕುತ್ತಿಗೆಯಿಲ್ಲದ ಒಂದು ಹಿಮಮಾನವನನ್ನು ಮಾಡಿದೆವು. ಅಜ್ಜಿಯ ಶಾಲು ಹೊದಿಸಿ ಫೋಟೋ ತೆಗೆದು, ಸೀದಾ ಕೆಳಗಿಳಿದೆವು. ಮನಾಲಿ ಮುಟ್ಟುವಷ್ಟರಲ್ಲಿ ಮಗ ಬಿಸ್ಕತ್ತು ಕೇಳುತ್ತಿದ್ದ.

ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ನಾನು ಹೇಳುವುದಿಷ್ಟು: ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ, ರಸ್ತೆ ಮುಚ್ಚುವುದು ನಿಮ್ಮ ಟಿಕೆಟ್ ಕೇಳಿಕೊಂಡಲ್ಲ. ನೀರು ಹಿಡಿಯದ ಗ್ಲೌಸ್ ಮನೆಯಿಂದಲೇ ಒಯ್ಯಿರಿ, ಕಾಲುಚೀಲ ಮೂರು ಜೊತೆ ಇರಲಿ, ಬಿಸಿಲಿಗೆ ತಂಪು ಕನ್ನಡಕ ಇರಲಿ. ಚಳಿಗಾಲದಲ್ಲಿ ರೋಹ್ತಾಂಗ್ ತೋರಿಸುತ್ತೇನೆ ಎನ್ನುವವರನ್ನು ನಂಬಬೇಡಿ. ದಾರಿಯಲ್ಲಿ ಒಂದು ರಾತ್ರಿ ಉಳಿಯಿರಿ. ಹೆಂಡತಿಯ ಮಾತು ಕೇಳಿ.

ಹೊರಡುವಾಗ ಮಗಳು ಸ್ಟೀಲ್ ಡಬ್ಬಿಗೆ ಹಿಮ ತುಂಬಿಕೊಂಡಿದ್ದಳು. ಹೋಟೆಲಿನಲ್ಲಿ ಮುಚ್ಚಳ ತೆಗೆದರೆ ಎರಡು ಬೆರಳು ನೀರು, ತಳದಲ್ಲಿ ಒಂದಿಷ್ಟು ಮರಳು.

"ಇಷ್ಟೇನಾ?" ಎಂದಳು.

"ಇಷ್ಟಾದ್ರೂ ಸಿಕ್ತಲ್ಲೇ" ಎಂದರು ಅಮ್ಮ. "ನಮ್ಮೂರ ಮಂಜನ್ನ ತುಂಬಿದ್ರೆ ಇದೂ ಇರ್ತಿರಲಿಲ್ಲ."