ಕೋಲು ಬೀಸುವ ಬಗೆ

ಗಾಲ್ಫ್ ಎಂಬ ಆಟವನ್ನು ನಾನು ಒಮ್ಮೆಯೂ ಆಡಿದವನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳೊಳಗೇ ನೆಂಟಸ್ತನ, ನೌಕರಿ, ಜಾತ್ರೆ, ಜಗಳ ಎಲ್ಲವನ್ನೂ ಪೂರೈಸಿಕೊಳ್ಳುವ ನಮ್ಮಂಥವರಿಗೆ, ಹುಲ್ಲನ್ನು ನೀರುಣಿಸಿ ಬೆಳೆಸಿ, ದನಕ್ಕೆ ಹಾಕದೆ, ಅದರ ಮೇಲೆ ಚೆಂಡು ಹೊಡೆಯುವುದೆಂದರೆ ನಂಬಲು ತುಸು ಕಷ್ಟವೇ. ಆದರೂ ಕಳೆದ ಬೇಸಿಗೆಯಲ್ಲಿ ಆ ಆಟದ ಕೋಲನ್ನು ಬೀಸುವ ಬಗೆ ಯಾವುದು ಸರಿ ಎಂಬ ವಾಗ್ವಾದಕ್ಕೆ ನಾನು ಅಧ್ಯಕ್ಷನಾಗಬೇಕಾಯಿತು. ಕನ್ನಡದ ಅಧ್ಯಾಪಕನಿಗೆ ಅಧ್ಯಕ್ಷತೆ ಹೊಸದಲ್ಲ. ವಿಷಯ ತಿಳಿಯದೆ ಅಧ್ಯಕ್ಷನಾಗುವುದೂ ಹೊಸದಲ್ಲ.

ಆದದ್ದಿಷ್ಟು. ಸಿಂದಗಿ ತಾಲೂಕಿನ ಒಂದು ಹಳ್ಳಿ ನನ್ನ ಅಕ್ಕನ ಊರು. ಅವಳ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ರಜೆಗೆ ಬರುವಾಗ ಮುದ್ದೇಬಿಹಾಳದ ಗೆಳೆಯನೊಬ್ಬನನ್ನೂ, ಒಂದು ಗಾಲ್ಫಿನ ಕೋಲನ್ನೂ, ಡಜನ್ ಚೆಂಡುಗಳನ್ನೂ ತಂದಿದ್ದ. ಇಬ್ಬರೂ ಭಾನುವಾರಗಳಲ್ಲಿ ಅಲ್ಲಿ ಈ ಆಟವನ್ನು ಕಲಿಯುತ್ತಾರಂತೆ. ಬೆಂಗಳೂರಿಗೆ ಈ ಆಟ ಹೊಸದೇನಲ್ಲ. ಅಲ್ಲಿಯ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಜೋಳ ಕಿತ್ತು ಬರಿದಾದ ಎರೆಹೊಲದಲ್ಲಿ ಇಬ್ಬರೂ ಸಂಜೆ ಚೆಂಡು ಹೊಡೆಯತೊಡಗಿದರು. ಚೆಂಡು ಹೋದದ್ದಕ್ಕಿಂತ ಮಾತು ದೂರ ಹೋಯಿತು. ನೆಲದ ಬಿರುಕುಗಳಲ್ಲಿ ಇಳಿದ ಎರಡು ಚೆಂಡುಗಳು ಮರಳಿ ಸಿಕ್ಕಲೇ ಇಲ್ಲ.

ನನ್ನ ಅಳಿಯ ಶಾಸ್ತ್ರದ ಪಕ್ಷದವನು. ಅಮೆರಿಕದ ಬೆನ್ ಹೋಗನ್ ಎಂಬ ಮಹಾ ಆಟಗಾರ 1957ರಲ್ಲಿ ಐದು ಪಾಠಗಳ ಒಂದು ಪುಸ್ತಕ ಬರೆದಿದ್ದಾನೆ. ಅದರಲ್ಲೊಂದು ಪ್ರಸಿದ್ಧ ಚಿತ್ರವಿದೆ: ಚೆಂಡಿನಿಂದ ಆಟಗಾರನ ಹೆಗಲವರೆಗೆ ಓರೆಯಾಗಿ ಒಂದು ದೊಡ್ಡ ಗಾಜಿನ ಹಲಗೆ, ನಡುವೆ ತಲೆ ಹೊರಬರುವಷ್ಟು ತೂತು. ಕೋಲನ್ನು ಹಿಂದಕ್ಕೆತ್ತುವಾಗ ತೋಳುಗಳು ಆ ಗಾಜನ್ನು ಭೇದಿಸಿ ಮೇಲೇರಬಾರದು. ನನ್ನ ಅಳಿಯ ಈ ಕಾಣದ ಗಾಜಿಗೆ ಎಷ್ಟು ಹೆದರಿದ್ದನೆಂದರೆ, ಕೋಲೆತ್ತುವಾಗ ಅವನ ಮುಖ ನೋಡಿದರೆ ನಿಜವಾಗಿಯೂ ಚೂರುಗಳು ಮೈಮೇಲೆ ಬೀಳಲಿವೆ ಎನ್ನಿಸುತ್ತಿತ್ತು.

ಮುದ್ದೇಬಿಹಾಳದ ಹುಡುಗ ಪ್ರತಿಪಕ್ಷ. “ಸರ್, ಜಿಮ್ ಫ್ಯೂರಿಕ್ ಅಂತ ಒಬ್ಬ ಇದ್ದಾನ್ರಿ. ಅವನ ಕೋಲು ಮ್ಯಾಲ ಹೋಗೋ ದಾರಿನ ಬ್ಯಾರೆ, ಇಳಿಯೋ ದಾರಿನ ಬ್ಯಾರೆ. ನಡುವ ಒಂದು ಸುತ್ತು ಹೊಡೀತೈತಿ. ನೋಡಿದವರು ನಗತಾರ. ಆದ್ರ 2003ರಾಗ ಅಮೆರಿಕದ ಓಪನ್ ಗೆದ್ದಾನ್ರಿ. 2016ರಾಗ ಒಂದು ಸುತ್ತಿನ ಹದಿನೆಂಟು ಕುಳಿ ಐವತ್ತೆಂಟು ಹೊಡೆತದಾಗ ಮುಗಿಸ್ಯಾನ. ಅವನಿಗೆ ಕಲಿಸಿದವರು ಅವರಪ್ಪ. ಮಗನ ಬೀಸು ಅವರು ಬದಲಿ ಮಾಡಲಿಲ್ಲ.”

“ಅದು ಅಪವಾದ” ಎಂದ ನನ್ನ ಅಳಿಯ. ವ್ಯಾಕರಣದವನಾದ ನನಗೆ ಆ ಮಾತು ಹಿತವಾಗಿ ಕೇಳಿಸಿತು. ಸೂತ್ರಕ್ಕೆ ಹೊಂದದ್ದನ್ನೆಲ್ಲ ನಾವು ಸಾಗಹಾಕುವುದು ಆ ಬಾಗಿಲಿನಿಂದಲೇ.

ವಾದ ಹಿಡಿತಕ್ಕೆ ಬಂತು. ಬ್ರಿಟಿಷ್ ಓಪನ್ನನ್ನು ಆರು ಸಲ ಗೆದ್ದ ಹ್ಯಾರಿ ವಾರ್ಡನ್ ಬಲಗೈಯ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಒರಗಿಸಿ ಹಿಡಿಯುತ್ತಿದ್ದ. ಹದಿನೆಂಟು ಹಿರಿಯ ಪಂದ್ಯಗಳನ್ನು ಗೆದ್ದ ಜ್ಯಾಕ್ ನಿಕ್ಲಾಸ್ ಬೆರಳಿಗೆ ಬೆರಳು ಹೆಣೆದು ಹಿಡಿಯುತ್ತಿದ್ದ. ಯಾವುದು ಸರಿ? ಆಮೇಲೆ ಬಲದ ಪ್ರಶ್ನೆ ಬಂತು. ದೂರ ಹೊಡೆಯುವವನೇ ಗೆಲ್ಲುತ್ತಾನೆಂದು ಒಬ್ಬನೆಂದರೆ, ಮತ್ತೊಬ್ಬ ಬೆಂಗಳೂರಿನ ಅದಿತಿ ಅಶೋಕರ ಹೆಸರೆತ್ತಿದ. 2021ರ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ, ಗಾಲ್ಫ್ ಎಂದರೇನೆಂದು ಅರಿಯದ ನಾನೂ ದೂರದರ್ಶನದ ಮುಂದೆ ಕೂತಿದ್ದೆ. ತನಗಿಂತ ಬಹುದೂರ ಹೊಡೆಯುವವರ ನಡುವೆ ಆ ಹುಡುಗಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದಳು. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು. ಕುಳಿಯ ಹತ್ತಿರ ಅವಳ ಕೈ ಅಷ್ಟು ಪಳಗಿದ್ದು.

“ಹಂಗಾದ್ರ ಚೆಂಡಿಗೆ ಏನು ತಿಳೀತೈತಿ?” ಎಂದು ನಾನು ಅಧ್ಯಕ್ಷನ ಗತ್ತಿನಿಂದ ಕೇಳಿದೆ. ಮುದ್ದೇಬಿಹಾಳದವನು ಹೇಳಿದ ಉತ್ತರ ನನಗೆ ಬಹಳ ಹಿಡಿಸಿತು. ಕೋಲಿನ ತುದಿಯ ಲೋಹವೂ ಚೆಂಡೂ ತಾಗಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು ಮಾತ್ರವಂತೆ. ಆ ಕ್ಷಣದಲ್ಲಿ ಲೋಹದ ಮುಖ ಎತ್ತ ನೋಡುತ್ತಿತ್ತು, ಕೋಲು ಯಾವ ದಾರಿಯಲ್ಲಿ ಎಷ್ಟು ವೇಗದಿಂದ ಬಂತು, ಚೆಂಡಿನ ಯಾವ ಜಾಗಕ್ಕೆ ತಾಗಿತು — ಚೆಂಡಿಗೆ ಗೊತ್ತಾಗುವುದು ಇಷ್ಟೇ. ಅದಕ್ಕೆ ಮೊದಲು ಹೊಡೆದವನು ಗಾಜಿನ ಕೆಳಗಿದ್ದನೋ, ಗಾಳಿಯಲ್ಲಿ ಸುತ್ತು ಹಾಕಿದನೋ, ಅದಕ್ಕೆ ತಿಳಿಯದು. ಇನ್ನೂ ಒಂದು ಸ್ವಾರಸ್ಯ: ಚೆಂಡು ಕೋಲು ಬೀಸಿದ ದಾರಿಯಲ್ಲಿಯೇ ಹೊರಡುತ್ತದೆಂದು ಎಷ್ಟೋ ಕಾಲ ಗುರುಗಳು ಬೋಧಿಸಿದ್ದರು. ರಾಡಾರ್ ಯಂತ್ರ ಬಂದ ಮೇಲೆ, ಅದು ಹೊರಡುವುದು ಬಹುಪಾಲು ಲೋಹದ ಮುಖ ನೋಡುವ ದಿಕ್ಕಿಗೆ ಎಂದು ಖಚಿತವಾಯಿತು. ತಪ್ಪು ಸಿದ್ಧಾಂತವನ್ನು ಬಾಯಲ್ಲಿಟ್ಟುಕೊಂಡು, ಅಷ್ಟು ಕಾಲ ಅವರ ಕೈಗಳು ಸರಿಯಾಗಿಯೇ ಹೊಡೆದಿದ್ದವು!

ಅಷ್ಟರಲ್ಲಿ ಅಕ್ಕನ ಮಾವ, ಹುಡುಗರ ಬಾಯಲ್ಲಿ ಮುತ್ಯಾ, ಕೋಲೂರುತ್ತ ಬಂದರು. ಸ್ವಲ್ಪ ಹೊತ್ತು ನೋಡಿ, “ಇದೇನೋ ತಮ್ಮಾ, ನೆಲದ ಮ್ಯಾಲ ಸುಮ್ನ ಕುಂತದ್ದನ್ನ ಹೊಡಿಯಾಕ ಇಷ್ಟು ಪಂಚಾಯ್ತಿ?” ಎಂದರು. ಜಾಲಿಯ ಟೊಂಗೆಯೊಂದನ್ನು ತರಿಸಿ, ಎರಡೂ ತುದಿ ಚೂಪು ಮಾಡಿ ಗೇಣುದ್ದಕ್ಕೂ ಕಡಿಮೆಯ ಚಿಣಿ ಮಾಡಿದರು. ಉಳಿದದ್ದೇ ಪಣಿ. ಚಿಣಿಯ ಮೂಗಿಗೆ ಮೆಲ್ಲನೆ ತಟ್ಟಿದರು. ಅದು ಎದೆಯೆತ್ತರ ಹಾರಿತು. ಇಳಿಯುವ ಮೊದಲೇ ಒಂದೇ ಕೈಯಲ್ಲಿ ಬೀಸಿದರು. ಬಲಗಾಲು ಗಾಳಿಯಲ್ಲಿ, ರುಮಾಲು ಕಿವಿಯ ಮೇಲೆ. ಚಿಣಿ ಬೇಲಿ ದಾಟಿ ಆಚೆ ಹೊಲದಲ್ಲಿ ಬಿತ್ತು. ನಾವು ಹುಡುಗರಾಗಿದ್ದಾಗ ಅಷ್ಟು ದೂರವನ್ನು ಪಣಿಯಿಂದ ಅಳೆಯುವುದೇ ಒಂದು ಸಂಜೆಯ ಕೆಲಸವಾಗುತ್ತಿತ್ತು.

ನನ್ನ ಅಳಿಯ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದ. ನಿಧಾನವಾಗಿ ಓಡಿಸಿ ನೋಡಿದಾಗ ಶಾಸ್ತ್ರದ ಯಾವ ಸೂತ್ರವೂ ಅಲ್ಲಿ ನಿಲ್ಲಲಿಲ್ಲ. ಆದರೆ ಪಣಿ ಚಿಣಿಗೆ ತಾಗುವ ಕ್ಷಣದಲ್ಲಿ ಮುತ್ಯಾನ ಕಣ್ಣು ಚಿಣಿಯ ಮೇಲಿತ್ತು, ಮಣಿಕಟ್ಟು ನೆಟ್ಟಗಿತ್ತು.

“ಯಾರು ಕಲಿಸಿದ್ರು ಮುತ್ಯಾ?”

“ಯಾರು ಕಲಸ್ತಾರೋ? ಚಿಣಿನ ಕಲಿಸ್ತು.”

ರಾತ್ರಿ ಊಟದ ಮೇಲೆ, ಅಂಗಳದಲ್ಲಿ ಮಲಗಿದಾಗ, ಅಳಿಯ ತನ್ನ ಹೋಗನ್ನನ ಮಾತನ್ನು ಮುಂದುವರಿಸಿದ. ಹೋಗನ್ ಮೊದಮೊದಲು ಹೊಡೆದ ಚೆಂಡು ಹೋಗುತ್ತ ಹೋಗುತ್ತ ಎಡಕ್ಕೆ ಹೊರಳುತ್ತಿತ್ತಂತೆ. ವರ್ಷಗಟ್ಟಲೆ ಹೆಣಗಿ, ಎಡಗೈಯನ್ನು ಕೋಲಿನ ಮೇಲೆ ತುಸು ಎಡಕ್ಕೆ ತಿರುಗಿಸಿ ಹಿಡಿದು, ಆ ರೋಗವನ್ನು ತಾನೇ ವಾಸಿ ಮಾಡಿಕೊಂಡ. ಪುಸ್ತಕ ಬರೆಯುವಾಗ ಎಲ್ಲರಿಗೂ ಅಂಥ ಹಿಡಿತವನ್ನೇ ಬೋಧಿಸಿದ. ಆದರೆ ಸಾಮಾನ್ಯ ಆಟಗಾರರಲ್ಲಿ ಹೆಚ್ಚಿನವರ ಚೆಂಡು ಹೊರಳುವುದು ಬಲಕ್ಕೆ! ಅವರಿಗೆ ಆ ಮದ್ದಿನಿಂದ ರೋಗ ಹೆಚ್ಚುತ್ತದೆ. “ನಂದೂ ಬಲಕ್ಕ ಹೋಗತದ ಮಾಮಾ” ಎಂದು ಮೆಲ್ಲಗೆ ಒಪ್ಪಿಕೊಂಡು, ಮಗ್ಗಲು ಹೊರಳಿ ನಿದ್ದೆ ಹೋದ.

ನನಗೆ ನಿದ್ದೆ ಬರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮುದ್ದೇಬಿಹಾಳ ಕಡೆಯ ಹಳ್ಳಿಯ ಹುಡುಗನೊಬ್ಬನಿದ್ದ. ಮಾತಿಗೆ ನಿಂತನೆಂದರೆ ಹಿಂದಿನ ಬೆಂಚಿನವರೂ ಕಿಟಕಿ ಬಿಟ್ಟು ಇತ್ತ ನೋಡುತ್ತಿದ್ದರು. ಅಂತರಕಾಲೇಜು ಚರ್ಚಾಸ್ಪರ್ಧೆಗೆ ಅವನನ್ನು ಆರಿಸಿ, ಮೂರು ವಾರ ತಾಲೀಮು ಕೊಟ್ಟೆ. ‘ಹೋಗೂಣು’ ಅನ್ನಬೇಡ, ‘ಹೋಗೋಣ’ ಅನ್ನು. ‘ಅದ’ ಅಲ್ಲ, ‘ಇದೆ’. ಇಲ್ಲಿ ಕೈ ಎತ್ತು; ಇಲ್ಲಿ ದನಿ ಇಳಿಸು. ಅವನು ಎಲ್ಲದಕ್ಕೂ “ಹೂಂ ರೀ ಸರ್” ಎಂದ. ಸ್ಪರ್ಧೆಯ ದಿನ ಮೂರನೆಯ ವಾಕ್ಯಕ್ಕೆ ನಿಂತ. ಒಂದು ಕೈ ಅರ್ಧಕ್ಕೆ ಎತ್ತಿತ್ತು. ಸಭೆ ಮೊದಲು ಕಾದಿತು, ಆಮೇಲೆ ನಕ್ಕಿತು. ಅವನು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತ. ಮತ್ತೆ ಆ ಎರಡು ವರ್ಷ ವೇದಿಕೆ ಹತ್ತಲಿಲ್ಲ. ಹುಡುಗನಿಗೆ ಧೈರ್ಯ ಸಾಲದು ಎಂದು ನಾನು ಸಹೋದ್ಯೋಗಿಗಳಿಗೆ ಹೇಳಿದೆ. ನಾನೂ ಹಾಗೆಯೇ ನಂಬಿದೆ.

ಅಂಗಳದಲ್ಲಿ ಮಲಗಿ ನೆನೆದಾಗ ಬೇರೆಯೇ ಒಂದು ಸಂಗತಿ ಹೊಳೆಯಿತು. ಎಂ.ಎ. ಓದಲು ದೂರದ ಊರಿಗೆ ಹೋದಾಗ ನನ್ನ ಮಾತನ್ನು ಕೇಳಿ ಸಹಪಾಠಿಗಳು ನಗುತ್ತಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು, ಪುಸ್ತಕದ ಕನ್ನಡವನ್ನು ಗಟ್ಟಿಯಾಗಿ ಓದಿ ಓದಿ, ನಾನು ನಾಲಿಗೆ ತಿದ್ದಿಕೊಂಡೆ. ಅದು ನನ್ನ ರೋಗ, ನನ್ನ ಮದ್ದು. ನನಗೆ ಅದರಿಂದ ಗುಣವಾದದ್ದೂ ನಿಜ. ಈ ಬರಹವೇ ಆ ಮದ್ದಿನ ಫಲ. ಆ ಹುಡುಗನಿಗೆ ಆ ರೋಗವೇ ಇರಲಿಲ್ಲ. ನನ್ನ ಮದ್ದನ್ನು ಕುಡಿಸಿ ರೋಗವನ್ನು ನಾನೇ ತಂದಿಟ್ಟೆ.

ಎರಡು ವರ್ಷಗಳ ಹಿಂದೆ ಇಂಡಿಗೆ ಹೋಗಿದ್ದಾಗ ಅವನನ್ನು ಕಂಡಿದ್ದೆ. ಲಿಂಬಿ ವ್ಯಾಪಾರ ಮಾಡುತ್ತಾನೆ. ಚೀಲಗಳ ನಡುವೆ ನಿಂತು ಹೊರಗಿನಿಂದ ಬಂದ ಖರೀದಿದಾರರೊಡನೆ ದರ ಹತ್ತಿಸುತ್ತಿದ್ದ. ಕೈ ತಾನೇ ಏಳುತ್ತಿತ್ತು, ದನಿ ತಾನೇ ಇಳಿಯುತ್ತಿತ್ತು; ಸುತ್ತ ಹದಿನೈದು ಜನ ಕೆಲಸ ಬಿಟ್ಟು ಕೇಳುತ್ತಿದ್ದರು. ನನ್ನನ್ನು ನೋಡಿದ್ದೇ ಮಾತು ನಿಲ್ಲಿಸಿದ. “ನಮಸ್ಕಾರ ಸರ್, ಚೆನ್ನಾಗಿದ್ದೀರಾ?” ಎಂದು ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಅಕ್ಷರ ಆರಿಸಿ ಕೇಳಿದ. ಶಿಷ್ಯನ ವಿನಯವೆಂದು ಆಗ ಹಿಗ್ಗಿದ್ದೆ. ಒಂದು ಚೀಲ ತುಂಬ ಲಿಂಬಿ ಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ.

ಈ ಸಲ ಕಾಲೇಜು ತೆರೆದ ಮೇಲೆ ಚರ್ಚಾಸ್ಪರ್ಧೆಗೆ ಒಬ್ಬ ಹುಡುಗಿ ಹೆಸರು ಕೊಟ್ಟಳು. ತಾಲೀಮಿಗೆ ಬಂದು, ಕೈ ಎಲ್ಲಿಡಬೇಕು ಸರ್ ಎಂದು ಕೇಳಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕೋಣೆಯ ಕೊನೆಯ ಬೆಂಚಿಗೆ ಹೋಗಿ ಕೂತೆ. “ನಿನಗ ಹೆಂಗ ಬರತದೋ ಹಂಗ ಮಾತಾಡವ್ವಾ, ಇಲ್ಲೀತನಕ ಕೇಳಿದ್ರ ಸಾಕು” ಎಂದೆ. ಇಪ್ಪತ್ತು ವರ್ಷಗಳಲ್ಲಿ ತರಗತಿಯೊಳಗೆ ನಾನು ನಮ್ಮ ಊರಿನ ಮಾತು ಆಡಿದ್ದು ಅದೇ ಮೊದಲು. ಹುಡುಗಿ ಒಂದು ಕ್ಷಣ ಬೆರಗಾಗಿ ನನ್ನನ್ನು ನೋಡಿದಳು. ಆಮೇಲೆ ಶುರು ಮಾಡಿದಳು. ಎರಡು ಕಡೆ ತಿದ್ದಬೇಕೆನಿಸಿತು. ತಿದ್ದಲಿಲ್ಲ. ಕೊನೆಯ ಬೆಂಚಿಗೆ ಎಲ್ಲ ಕೇಳಿಸುತ್ತಿತ್ತು.