ಕೊಂಡ ಹಾಡಿಗೆ ಬೀಗ

ನಮ್ಮ ಶೆಟ್ಟಿಕೆರೆ ತೆಂಗಿನ ಸೀಮೆ. ನಮ್ಮಲ್ಲಿ ಕಾಯಿ ಕೊಂಡವನು ಅದನ್ನು ಚಟ್ನಿಗೆ ಅರೆಯಲಿ, ನೆಟ್ಟು ಸಸಿ ಮಾಡಲಿ, ಮಾರಿದವನ ಅಪ್ಪಣೆ ಬೇಕಿಲ್ಲ. ಹಾಡಿನ ವ್ಯಾಪಾರ ಹಾಗಲ್ಲವೆಂದು ನನಗೆ ಅಣ್ಣನಿಂದ ತಿಳಿಯಿತು. ಅವನು ದುಡ್ಡು ತೆತ್ತು ಇಳಿಸಿಕೊಂಡಿದ್ದ ಹಾಡುಗಳು, ಹಳೆಯ ಫೋನು ಕೆಟ್ಟ ಮೇಲೆ ಹೊಸದರಲ್ಲಿ ನುಡಿಯಲೇ ಇಲ್ಲ. ನಕಲು ತಡೆಯಲೆಂದು ಅವಕ್ಕೆ ಕಣ್ಣಿಗೆ ಕಾಣದ ಬೀಗ ಹಾಕಿದ್ದರಂತೆ. ಕದ್ದ ನಕಲನ್ನಿಟ್ಟುಕೊಂಡಿದ್ದ ಅವನ ಗೆಳೆಯನ ಫೋನಿನಲ್ಲಾದರೋ ಅವೇ ಹಾಡುಗಳು ನಿರಾತಂಕವಾಗಿ ಮೊಳಗುತ್ತಿದ್ದುವು!

ಮಾರುವವರ ಅಂಜಿಕೆಯೂ ಸುಳ್ಳಲ್ಲ. ಸಸಿ ಫಲಕ್ಕೆ ಬರಲು ವರ್ಷಗಳು ಬೇಕು. ಹಾಡಿನ ನಕಲಿಗೆ ಗಳಿಗೆ ಸಾಕು. ಹಾಡಿದವರೂ ಉಣ್ಣಬೇಕಷ್ಟೆ. ಆದರೂ 2009ರಲ್ಲಿ ಆಪಲ್ ಸಂಸ್ಥೆ ತನ್ನ ಐಟ್ಯೂನ್ಸ್ ಮಳಿಗೆಯ ಹಾಡುಗಳ ಬೀಗ ತೆಗೆಯಿತು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ ‘ಫ್ಲೈಟ್’ ಮಳಿಗೆ ಬೀಗವಿಲ್ಲದ ಹಾಡುಗಳನ್ನೇ ಮಾರಿ, ಮರುವರ್ಷ ಮುಚ್ಚಿತು. ಅಂಗಡಿ ಹೋದರೂ ಇಳಿಸಿಕೊಂಡವರ ಹಾಡು ಉಳಿಯಿತು.

1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ 2 ವರ್ಷಗಳವರೆಗೆ ಸೆರೆಯುಂಟು. ಕಾಯಿದೆ ನಿಷೇಧಿಸದ ಕೆಲಸಕ್ಕೆ ಅಡ್ಡಿಯಿಲ್ಲವೆಂದೂ ಅದೇ ಕಲಮು ಹೇಳುತ್ತದೆ. ಕಾನೂನು ಉದ್ದೇಶವನ್ನು ನೋಡುತ್ತದೆ. ಬೀಗಕ್ಕೆ ಉದ್ದೇಶ ತಿಳಿಯುವುದೆಂತು?

ಈಗ ಬಹುಮಂದಿ ಹಾಡನ್ನು ಕೊಳ್ಳುವುದೇ ಇಲ್ಲ. ತಿಂಗಳ ಬಾಡಿಗೆ ಕೊಟ್ಟು ಕೇಳುತ್ತಾರೆ. ಬಾಡಿಗೆ ನಿಂತರೆ ಹಾಡೂ ನಿಲ್ಲುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ಬಾಡಿಗೆಯೆಂದು ಮೊದಲೇ ಹೇಳಿರುತ್ತಾರೆ. ‘ಕೊಳ್ಳಿರಿ’ ಎಂದು ಬರೆದು ಕೀಲಿಕೈಯನ್ನು ತಾವೇ ಇಟ್ಟುಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಾಗದು.